ಕುಣಿಯಲಾರದವಳಿಗೆ ನೆಲ ನಿಜಕ್ಕೂ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನ ನಾವೆಲ್ಲ ಎಷ್ಟು ಸಲ, ಯಾರ ಯಾರ ಮೇಲೆ ಬಿಟ್ಟಿದ್ದೀವೋ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಫೇಲಾದವನು ಪ್ರಶ್ನೆಪತ್ರಿಕೆಯನ್ನ ಬೈದರೆ, ಅಡುಗೆ ಕೆಡಿಸಿದ ಭಟ್ಟರು ಸೌದೆ ಹಸಿಯಾಗಿತ್ತು ಅಂದರೆ, ತಕ್ಷಣ ಗಾದೆ ಸಿದ್ಧ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಈ ಗಾದೆ ಹೇಳಿದವರಲ್ಲಿ ಒಬ್ಬರಾದರೂ ಆ ನೆಲದ ಮೇಲೆ ಒಂದು ಗೋಲಿ ಇಟ್ಟು, ಅದು ಉರುಳುತ್ತದೋ ಇಲ್ಲವೋ ಅಂತ ನೋಡಿದ ಹಾಗಿಲ್ಲ. ಪಾಪ, ನೆಲ ನಿಜಕ್ಕೂ ಡೊಂಕಾಗಿದ್ದಿದ್ದರೆ?

ನಾನಿರುವುದು ಮೆಲ್ಬರ್ನಿನಲ್ಲಿ. ಹಾಗಾಗಿ ಈ ಪ್ರಶ್ನೆ ನನಗೆ ಮಾರ್ಚಿನಿಂದ ಸೆಪ್ಟೆಂಬರ್ ತನಕ ಹೆಚ್ಚುಕಮ್ಮಿ ಪ್ರತಿ ಸೋಮವಾರ ಬೆಳಿಗ್ಗೆ ಎದುರಾಗುತ್ತದೆ. ಈ ಊರಿನವರಿಗೆ ‘ಫುಟಿ’ ಅಂದರೆ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅಂದರೆ, ನಮ್ಮವರಿಗೆ ಕ್ರಿಕೆಟ್, ಸಿನಿಮಾ, ರಾಜಕೀಯ ಮೂರೂ ಸೇರಿದ ಹಾಗೆ. ವಾರಾಂತ್ಯದ ಪಂದ್ಯಗಳು ಮುಗಿದು ಸೋಮವಾರ ಆಫೀಸಿಗೆ ಬಂದವರ ಬಾಯಲ್ಲಿ ಎರಡೇ ಮಾತು: ನಮ್ಮ ಹುಡುಗರು ಹೇಗಾಡಿದರು, ಅಂಪೈರು ಎಷ್ಟು ಕೆಡಿಸಿದ. ಗೆದ್ದವರು ಮೊದಲನೆಯದನ್ನ ಮಾತಾಡುತ್ತಾರೆ, ಸೋತವರು ಎರಡನೆಯದನ್ನ. ಇದರಲ್ಲಿ ಹೊಸದೇನಿಲ್ಲ ಬಿಡಿ, ಎಲ್ಲ ದೇಶದಲ್ಲೂ ಇದ್ದದ್ದೇ.

ಆದರೆ ಸೇಂಟ್ ಕಿಲ್ಡಾ ಅನ್ನೋ ತಂಡದ ಅಭಿಮಾನಿಗಳ ಮಾತು ಸ್ವಲ್ಪ ಬೇರೆ. ಅವರು ಮೊನ್ನೆ ಶನಿವಾರದ ಅಂಪೈರನ್ನ ಬೈಯಲು ಶುರು ಮಾಡಿ, ಐದು ನಿಮಿಷದಲ್ಲಿ 2009ಕ್ಕೆ ಹೋಗಿ, ಅಲ್ಲಿಂದ 2006ಕ್ಕೆ ಇಳಿದು, ಕೊನೆಗೆ 1966ರಲ್ಲಿ ಕಣ್ಣು ಒದ್ದೆ ಮಾಡಿಕೊಂಡು ನಿಲ್ಲುತ್ತಾರೆ. ನಮ್ಮ ಆಫೀಸಿನಲ್ಲೂ ಅಂಥ ಹಿರಿಯರೊಬ್ಬರಿದ್ದಾರೆ. ಅವರ ಹತ್ತಿರ ಇರುವುದು ಬರೀ ದೂರು ಅಂತ ನನಗೆ ಅನ್ನಿಸಲಿಲ್ಲ, ಅದೊಂದು ಚರಿತ್ರೆ. ಸರಿ, ಆ ಚರಿತ್ರೆಯನ್ನ ಸ್ಕೋರುಗಳ ಪಕ್ಕದಲ್ಲಿಟ್ಟು ನೋಡೋಣ, ನೆಲದ ಮೇಲೆ ಗೋಲಿ ಇಟ್ಟೇಬಿಡೋಣ ಅಂತ ಕೂತೆ. ಈ ಬರಹ ಅದರದ್ದು.

ಮೊದಲು ಆಟದ ಬಗ್ಗೆ ನಾಲ್ಕು ಮಾತು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇದು ಹುಟ್ಟಿದ್ದು ಮೆಲ್ಬರ್ನಿನಲ್ಲಿ, ಅದೂ ಕ್ರಿಕೆಟ್ಟಿನ ಹೊಟ್ಟೆಯಲ್ಲಿ. ಟಾಮ್ ವಿಲ್ಸ್ ಅನ್ನೋ ಕ್ರಿಕೆಟಿಗ 1858ರ ಜುಲೈನಲ್ಲಿ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರು ಮೈಗಳ್ಳರಾಗದಂತೆ ಒಂದು ಫುಟ್‌ಬಾಲ್ ಕ್ಲಬ್ ಮಾಡಿಕೊಳ್ಳಿ ಅಂದ. ಮಾರನೇ ವರ್ಷ, 1859ರ ಮೇ 17ರಂದು, ಅವನೂ ಅವನ ಜೊತೆಗಾರರೂ ಒಂದು ಹೋಟೆಲಿನಲ್ಲಿ ಕೂತು ಹತ್ತು ನಿಯಮ ಬರೆದರು. ನನಗೆ ಬಹಳ ಇಷ್ಟವಾದ ಸಂಗತಿ ಅಂದರೆ, ಆ ಹತ್ತು ನಿಯಮಗಳಲ್ಲಿ ಅಂಪೈರ್ ಅನ್ನೋ ಪದವೇ ಇಲ್ಲ! ತಕರಾರು ಬಂದರೆ ಎರಡೂ ಕಡೆಯ ಕ್ಯಾಪ್ಟನ್ನುಗಳು ದೊಡ್ಡ ಮನುಷ್ಯರ ಹಾಗೆ ಮಾತಾಡಿಕೊಂಡು ಬಗೆಹರಿಸಿಕೊಳ್ಳಬೇಕು. ಇದು ಎಷ್ಟು ದಿನ ನಡೆದೀತು ನೀವೇ ಊಹಿಸಿ.

ಇನ್ನು ಅಂಕಗಳ ವಿಷಯ. ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರ, ಆಚೀಚಿನವು ಗಿಡ್ಡ. ಕಾಲಿನಿಂದ ಒದ್ದ ಚೆಂಡು ಯಾರಿಗೂ, ಯಾವುದಕ್ಕೂ ತಗುಲದೆ ಎತ್ತರದ ಎರಡು ಕಂಬಗಳ ನಡುವೆ ಹೋದರೆ ಗೋಲು, 6 ಅಂಕ. ಎತ್ತರದ ಕಂಬಕ್ಕೂ ಗಿಡ್ಡ ಕಂಬಕ್ಕೂ ನಡುವೆ ಹೋದರೆ ‘ಬಿಹೈಂಡ್’, 1 ಅಂಕ. ಚೆಂಡು ಎತ್ತರದ ಕಂಬಕ್ಕೆ ತಗುಲಿದರೂ 1 ಅಂಕವೇ, ತಗುಲಿ ಒಳಗೆ ಹೋದರೂ ಅಷ್ಟೇ. ಈ ಮಾತನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. 6 ಮತ್ತು 1ರ ಈ ಲೆಕ್ಕ ಬಂದದ್ದು 1897ರಲ್ಲಿ, ಎಂಟು ಕ್ಲಬ್ಬುಗಳು ಸೇರಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಶುರು ಮಾಡಿದಾಗ. 1990ರಲ್ಲಿ ಅದೇ ಲೀಗು ಎ.ಎಫ್.ಎಲ್. ಅಂತ ಹೆಸರು ಬದಲಿಸಿಕೊಂಡಿತು.

ಸ್ಕೋರನ್ನ ಬರೆಯುವ ರೀತಿಯೂ ಸೊಗಸು. 10.14 (74) ಅಂದರೆ ಹತ್ತು ಗೋಲು, ಹದಿನಾಲ್ಕು ಬಿಹೈಂಡ್, ಒಟ್ಟು 74. ಇದರ ಅರ್ಥ ಏನು ಗೊತ್ತೇ? ಬೇರೆ ಆಟಗಳಲ್ಲಿ ತಪ್ಪಿದ ಹೊಡೆತ ಗಾಳಿಗೆ ಹೋಗುತ್ತದೆ, ನಾಳೆ ಯಾರಿಗೂ ನೆನಪಿರುವುದಿಲ್ಲ. ಇಲ್ಲಿ ತಪ್ಪಿದ ಹೊಡೆತಕ್ಕೂ ಒಂದು ಅಂಕ ಕೊಟ್ಟು, ಚುಕ್ಕಿಯ ಬಲಗಡೆ ಶಾಶ್ವತವಾಗಿ ಬರೆದಿಡುತ್ತಾರೆ. ಅಂಪೈರು ತಪ್ಪು ಮಾಡಿದನೋ ಇಲ್ಲವೋ, ನೂರು ವರ್ಷ ಬಿಟ್ಟು ನೋಡಿದರೂ ನಿಮ್ಮ ಹುಡುಗರು ಎಷ್ಟು ಸಲ ಗುರಿ ತಪ್ಪಿದರು ಅನ್ನೋದು ಮಾತ್ರ ಅಲ್ಲೇ ಇರುತ್ತದೆ.

ಆ ಎಂಟು ಕ್ಲಬ್ಬುಗಳಲ್ಲಿ ಸೇಂಟ್ ಕಿಲ್ಡಾ ಕೂಡ ಒಂದು. 1873ರಲ್ಲಿ ಹುಟ್ಟಿದ ಕ್ಲಬ್ಬು, ಸಮುದ್ರ ತೀರದ ಬಡಾವಣೆಯದ್ದು. ಲೀಗ್ ಶುರುವಾದ ಮೇಲೆ ಅವರು ಮಾಡಿದ ಮೊದಲ ಸಾಧನೆ ಅಂದರೆ, ಸತತ 48 ಪಂದ್ಯ ಸೋತದ್ದು. 1897, 1898, 1899, ಮೂರೂ ವರ್ಷ ಒಂದೂ ಗೆಲುವಿಲ್ಲ. 1899ರಲ್ಲಿ ಜಿಲಾಂಗ್ ತಂಡದ ವಿರುದ್ಧ ಅವರ ಇಡೀ ಪಂದ್ಯದ ಸ್ಕೋರು 0.1 (1). ಒಂದು ಬಿಹೈಂಡ್, ಮುಗಿಯಿತು. ಎದುರಾಳಿಗಳು 162. ಲೀಗಿನ ಚರಿತ್ರೆಯಲ್ಲಿ ಅದಕ್ಕಿಂತ ಕಡಿಮೆ ಯಾರೂ ಗಳಿಸಿಲ್ಲ. ಈ ಕಾಲದ ಬಗ್ಗೆ ಅಂಪೈರನ್ನ ದೂರುವ ಅಭಿಮಾನಿಯನ್ನ ನಾನು ನೋಡಿಲ್ಲ. ದೂರುವುದಾದರೂ ಹೇಗೆ, 161 ಅಂಕದ ಅಂತರಕ್ಕೆ ಯಾವ ಅಂಪೈರು ಸಾಕಾಗುತ್ತಾನೆ :-)

ತಮಾಷೆ ಇರುವುದು 49ನೇ ಪಂದ್ಯದಲ್ಲಿ. 1900ರ ಮೊದಲ ಸುತ್ತು, ಎದುರಾಳಿ ಮೆಲ್ಬರ್ನ್ ತಂಡ. ಪಂದ್ಯ ಸಮ ಆಯಿತು. 48 ಸೋಲಿನ ಮೇಲೆ ಒಂದು ಸಮ ಅಂದರೆ ಅದೇ ಹಬ್ಬ ಅನ್ನಬೇಕು. ಆದರೆ ಸೇಂಟ್ ಕಿಲ್ಡಾದವರು ಅಷ್ಟಕ್ಕೆ ಬಿಡಲಿಲ್ಲ, ದೂರು ಕೊಟ್ಟರು. ಮೂರನೇ ಕ್ವಾರ್ಟರಿನ ಕೊನೆಯಲ್ಲಿ ಗಂಟೆ ಹೊಡೆದ ಮೇಲೆ ಮೆಲ್ಬರ್ನಿಗೆ ಒಂದು ಬಿಹೈಂಡ್ ಕೊಟ್ಟಿದ್ದೀರಿ, ಅದು ಲೆಕ್ಕಕ್ಕಿಲ್ಲ ಅಂತ. ಲೀಗು ದೂರನ್ನ ಒಪ್ಪಿತು. ಆ ಒಂದು ಅಂಕ ಹೋಯಿತು, ಸೇಂಟ್ ಕಿಲ್ಡಾ ಒಂದು ಅಂಕದಿಂದ ಗೆದ್ದಿತು. ಲೀಗಿನಲ್ಲಿ ಅವರ ಮೊಟ್ಟಮೊದಲ ಗೆಲುವು ಮೈದಾನದಲ್ಲಿ ಬಂದದ್ದಲ್ಲ, ಕಚೇರಿಯ ಮೇಜಿನ ಮೇಲೆ ಬಂದದ್ದು! ಆ ವರ್ಷವೂ ಕೊನೆಯ ಸ್ಥಾನ ಅವರಿಗೇ ಸಿಕ್ಕಿತು, ಚಾಂಪಿಯನ್ ಆದದ್ದು ಅದೇ ಮೆಲ್ಬರ್ನ್ ತಂಡ. ಇದನ್ನೂ ನೆನಪಿಟ್ಟುಕೊಳ್ಳಿ, 106 ವರ್ಷ ಬಿಟ್ಟು ಬೇಕಾಗುತ್ತದೆ.

ಈಗ ಅಂಪೈರುಗಳ ಕಡೆ ಬರೋಣ. ಅವರ ಪಾಡು ನಿಜಕ್ಕೂ ಯಾರಿಗೂ ಬೇಡ. ಕ್ರಿಕೆಟ್ ಮೈದಾನದಷ್ಟು ಜಾಗ, 36 ಜನ ಆಟಗಾರರು, ಯಾವ ದಿಕ್ಕಿಗೆ ಪುಟಿಯುತ್ತದೋ ದೇವರಿಗೂ ಗೊತ್ತಿಲ್ಲದ ಮೊಟ್ಟೆಯಾಕಾರದ ಚೆಂಡು. ಈ ರಾದ್ಧಾಂತವನ್ನ ನಡೆಸಲು ನಡು ಮೈದಾನದಲ್ಲಿ 1976ರ ತನಕ ಒಬ್ಬನೇ ಅಂಪೈರ್ ಇರುತ್ತಿದ್ದ ಅಂದರೆ ನಂಬುತ್ತೀರಾ? 1976ರಲ್ಲಿ ಇಬ್ಬರಾದರು, 1994ರಲ್ಲಿ ಮೂವರು, 2023ರಲ್ಲಿ ನಾಲ್ವರು. ಸಂಖ್ಯೆ ಹೆಚ್ಚಾದಂತೆ ಬೈಗುಳ ಕಮ್ಮಿಯಾಯಿತೇ ಅಂತ ಕೇಳಬೇಡಿ, ಹಂಚಿಕೊಳ್ಳಲು ಜನ ಹೆಚ್ಚಾದರು ಅಷ್ಟೇ.

ಬಹಳ ಕಾಲ ಅವರ ಉಡುಪು ಅಪ್ಪಟ ಬಿಳಿ. ಜನ ಕೊಟ್ಟ ಹೆಸರು ‘ವೈಟ್ ಮ್ಯಾಗಟ್’, ಬಿಳೀ ಹುಳ. ಈಗ ಬಣ್ಣದ ಅಂಗಿ ಬಂದಿದೆ, ಆದರೂ ಹುಳ ಹುಳವಾಗಿಯೇ ಉಳಿದಿದೆ. ಒಬ್ಬ ಆಟಗಾರನನ್ನ ಚೆಂಡಿನ ಸಮೇತ ಹಿಡಿದ ಕೂಡಲೇ ಇಡೀ ಸ್ಟೇಡಿಯಂ ಒಂದೇ ಗಂಟಲಲ್ಲಿ ‘ಬಾ...ಲ್’ ಅಂತ ಕೂಗುತ್ತದೆ. ಚೆಂಡನ್ನ ಬಿಡಲು ಅವನಿಗೆ ಮೊದಲೇ ಅವಕಾಶ ಇತ್ತು, ಬಿಡಲಿಲ್ಲ, ಫ್ರೀ ಕಿಕ್ ಕೊಡು ಅಂತ ಅದರ ಅರ್ಥ. ‘ಅವಕಾಶ’ ಇತ್ತೇ ಇಲ್ಲವೇ ಅನ್ನುವುದನ್ನ ಅಂಪೈರು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ನೋಡಿ, ಇದು ಗೆರೆ ದಾಟಿತೇ ಇಲ್ಲವೇ ಅನ್ನುವಂಥ ಪ್ರಶ್ನೆ ಅಲ್ಲ. ಇನ್ನೊಬ್ಬನ ಮನಸ್ಸು, ಸಮಯ ಎರಡನ್ನೂ ಅಳೆಯುವ ಪ್ರಶ್ನೆ. ಹಾಗಾಗಿಯೇ ಈ ಆಟದಲ್ಲಿ ಅಂಪೈರಿಂಗ್ ಬಗ್ಗೆ ವಾದ ಮುಗಿಯುವುದೇ ಇಲ್ಲ.

ವಾದ ಮಾತಿಗೆ ನಿಂತರೆ ಪುಣ್ಯ. 1896ರಲ್ಲಿ, ಲೀಗು ಶುರುವಾಗುವ ಹಿಂದಿನ ವರ್ಷ, ನಾರ್ತ್ ಮೆಲ್ಬರ್ನ್ ಮೈದಾನದಲ್ಲಿ ಕಾಲಿಂಗ್‌ವುಡ್ ಪಂದ್ಯ ಮುಗಿದ ಮೇಲೆ ಜನ ಅಂಪೈರ್ ಮೇಲೇ ಬಿದ್ದರು. ಆ ಕಾಲದ ಹೆಂಗಸರು ಟೋಪಿಗೆ ಚುಚ್ಚುವ ಉದ್ದನೆಯ ಪಿನ್ನನ್ನ ಅಂಪೈರು ಮತ್ತು ಆಟಗಾರರ ಮೇಲೆ ಪ್ರಯೋಗಿಸುತ್ತಿದ್ದರು ಅನ್ನುವುದು ಆಗಿನ ಪತ್ರಿಕೆಗಳ ದೊಡ್ಡ ದೂರು. ಅದಕ್ಕಿಂತ ಅಸಹ್ಯದ ಕಥೆ ಗ್ಲೆನ್ ಜೇಮ್ಸ್ ಅವರದ್ದು. ಮೂಲನಿವಾಸಿ ಸಮುದಾಯದವರು, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, 1982 ಮತ್ತು 1984ರ ಗ್ರ್ಯಾಂಡ್ ಫೈನಲ್ ನಡೆಸುವಷ್ಟು ದೊಡ್ಡ ಅಂಪೈರು. ಅವರು ಕೇಳಿಸಿಕೊಂಡದ್ದು ಬರೀ ಹುಳ ಅನ್ನೋ ಬೈಗುಳವಲ್ಲ, ಚರ್ಮದ ಬಣ್ಣದ ಬೈಗುಳ. ಅಭಿಮಾನಿಗಳ ದೂರುಗಳಿಗೆ ನಾನು ಈ ಬರಹದಲ್ಲಿ ಸಾಕಷ್ಟು ಕಿವಿ ಕೊಡುತ್ತೇನೆ, ಆದರೆ ಇದು ದೂರಿನ ಪಟ್ಟಿಗೆ ಸೇರುವುದಲ್ಲ. 2019ರಲ್ಲಿ ಒಬ್ಬ ಪ್ರೇಕ್ಷಕ ಅಂಪೈರನ್ನ ಬೋಳುತಲೆ ಅಂತ ಸೇರಿಸಿ ಬೈದದ್ದಕ್ಕೆ ಸ್ಟೇಡಿಯಂನಿಂದ ಹೊರಗೆ ಹಾಕಿದಾಗ ಊರೆಲ್ಲ ಗುಲ್ಲಾಯಿತು, ಅಷ್ಟೂ ಬೈಯಬಾರದೇ ಅಂತ. ಎಲ್ಲಿ ಗೆರೆ ಎಳೆಯುತ್ತೀರಿ, ಹೇಳಿ?

ಸೇಂಟ್ ಕಿಲ್ಡಾದವರ ಮೂಲ ಆರೋಪ ಏನೆಂದರೆ ಅಂಪೈರುಗಳಿಗೆ ನಮ್ಮ ತಂಡ ಕಂಡರೆ ಆಗುವುದಿಲ್ಲ ಅನ್ನುವುದು. ಇದನ್ನ ಪರೀಕ್ಷಿಸಲು ಒಂದು ಒಳ್ಳೆ ದಾರಿ ಇದೆ. ಲೀಗಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ 1924ರಿಂದ ಇದೆ, ಅದಕ್ಕೆ ಮತ ಹಾಕುವವರು ಅಂಪೈರುಗಳೇ. ಹಗೆ ಇದ್ದಿದ್ದರೆ ಇಲ್ಲಿ ಕಾಣಬೇಕಿತ್ತು. ಆದರೆ ಪಟ್ಟಿ ನೋಡಿ: 1957, 1958, 1959, ಮೂರೂ ವರ್ಷ ಸೇಂಟ್ ಕಿಲ್ಡಾ ಆಟಗಾರರು (1959ರದ್ದು ಸಮ ಮತ, ಸೇಂಟ್ ಕಿಲ್ಡಾದ ವೆರ್ಡನ್ ಹೋವೆಲ್‌ಗೆ ಪದಕ ಸಿಕ್ಕಿದ್ದು ಮೂವತ್ತು ವರ್ಷ ತಡವಾಗಿ). ಮತ್ತೆ 1965, 1966, 1967, ಮೂರೂ ವರ್ಷ ಅವರೇ. 1987ರಲ್ಲಿ ಟೋನಿ ಲಾಕೆಟ್. 1997, 1998ರಲ್ಲಿ ರಾಬರ್ಟ್ ಹಾರ್ವಿ. ಒಂದೇ ಒಂದು ಸಲ ಕಪ್ ಗೆದ್ದ ತಂಡಕ್ಕೆ ಅಂಪೈರುಗಳು ಇಷ್ಟು ಪದಕ ಕೊಟ್ಟಿದ್ದಾರೆ ಅಂದರೆ ಹಗೆಯ ಮಾತು ನಿಲ್ಲುವುದಿಲ್ಲ. ನಮ್ಮ ಹಿರಿಯ ಸಹೋದ್ಯೋಗಿಗೆ ಇದನ್ನ ಹೇಳಿದಾಗ ಅವರು, ಪದಕ ಕೊಟ್ಟದ್ದು ಪಾಪಪ್ರಜ್ಞೆಯಿಂದ ಅಂದರು. ಅಭಿಮಾನಿಯ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಆ ಒಂದೇ ಒಂದು ಕಪ್ 1966ರದ್ದು. ಕೋಚ್ ಅಲನ್ ಜೀನ್ಸ್, ಕ್ಯಾಪ್ಟನ್ ಡ್ಯಾರೆಲ್ ಬಾಲ್ಡಾಕ್. ಎಂ.ಸಿ.ಜಿ.ಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ. ಎದುರಾಳಿ ಕಾಲಿಂಗ್‌ವುಡ್, ಈ ಊರಿನಲ್ಲಿ ಅತಿ ಹೆಚ್ಚು ಜನ ಪ್ರೀತಿಸುವ ಮತ್ತು ಅದಕ್ಕಿಂತ ಹೆಚ್ಚು ಜನ ದ್ವೇಷಿಸುವ ತಂಡ. ಕೊನೆಯ ಗಳಿಗೆಯಲ್ಲಿ ಸ್ಕೋರು ಸಮ. ಆಗ ಬ್ಯಾರಿ ಬ್ರೀನ್ ಗುಂಪಿನಿಂದ ಹೇಗೋ ಒದ್ದ ಚೆಂಡು ಓಲಾಡಿಕೊಂಡು ಹೋಗಿ ಬಿಹೈಂಡ್ ಆಯಿತು. ಸೇಂಟ್ ಕಿಲ್ಡಾ 10.14 (74), ಕಾಲಿಂಗ್‌ವುಡ್ 10.13 (73). ಅಂದರೆ ಕ್ಲಬ್ಬಿನ ಚರಿತ್ರೆಯ ಅತಿ ಪವಿತ್ರ ಕ್ಷಣ ಒಂದು ಗುರಿ ತಪ್ಪಿದ ಹೊಡೆತ! ಎರಡೂ ತಂಡಕ್ಕೆ ಹತ್ತೇ ಗೋಲು, ಸೇಂಟ್ ಕಿಲ್ಡಾ ಗೆದ್ದದ್ದು ಒಂದು ಸಲ ಹೆಚ್ಚಿಗೆ ತಪ್ಪಿದ್ದರಿಂದ. ಇಂಥ ಗೆಲುವಿನ ಮೇಲೆ ಕಟ್ಟಿದ ಮನೆಯಲ್ಲಿ ವಾಸಿಸುವವರಿಗೆ, ಪ್ರತಿ ಒಂದು ಅಂಕವೂ ಯಾಕೆ ಅಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನನಗೆ ಅರ್ಥವಾದದ್ದು ಇಲ್ಲಿ.

1971ರಲ್ಲಿ ಹಾಥಾರ್ನ್ ವಿರುದ್ಧ 7 ಅಂಕದ ಸೋಲು, 1997ರಲ್ಲಿ ಅಡಿಲೇಡ್ ವಿರುದ್ಧ 31 ಅಂಕದ ಸೋಲು. ಇವನ್ನ ಬೇಗ ದಾಟಿ 2006ಕ್ಕೆ ಬರುತ್ತೇನೆ, ಅಸಲಿ ಕಥೆ ಅಲ್ಲಿದೆ.

2006ರ ಏಪ್ರಿಲ್ 30, ಟಾಸ್ಮೇನಿಯಾದ ಲಾನ್ಸೆಸ್ಟನ್ ಊರು. ಸೇಂಟ್ ಕಿಲ್ಡಾ ಮತ್ತು ಫ್ರೀಮ್ಯಾಂಟಲ್ ನಡುವೆ ಪಂದ್ಯ. ಕೊನೆಯ ಸೆಕೆಂಡುಗಳಲ್ಲಿ ಫ್ರೀಮ್ಯಾಂಟಲ್ ಒಂದು ಅಂಕ ಮುಂದೆ. ಸೈರನ್ ಹೊಡೆಯಿತು. ಆದರೆ ಅಂಪೈರಿಗೆ ಕೇಳಿಸಲಿಲ್ಲ! ಫ್ರೀಮ್ಯಾಂಟಲ್ ಆಟಗಾರರು ಗೆದ್ದೆವು ಅಂತ ಕೈ ಎತ್ತುತ್ತಿದ್ದಾರೆ, ಆಟ ನಡೆಯುತ್ತಲೇ ಇದೆ. ಅವರ ಕೋಚ್ ಕ್ರಿಸ್ ಕಾನಲಿ ಮೈದಾನದೊಳಕ್ಕೇ ಓಡಿ ಬಂದರು. ಈ ಗದ್ದಲದ ನಡುವೆ ಸೇಂಟ್ ಕಿಲ್ಡಾದ ಸ್ಟೀವನ್ ಬೇಕರ್ ಒದ್ದ ಚೆಂಡು ಬಿಹೈಂಡ್ ಆಯಿತು. 94-94, ಪಂದ್ಯ ಸಮ ಅಂತ ಘೋಷಣೆ.

ಮೂರು ದಿನ ಬಿಟ್ಟು ಎ.ಎಫ್.ಎಲ್. ಕಮಿಷನ್ ಸಭೆ ಸೇರಿತು. ನಿಯಮದ ಪ್ರಕಾರ ಪಂದ್ಯ ಮುಗಿಯುವುದು ಅಂಪೈರು ಸೈರನ್ ಕೇಳಿಸಿಕೊಂಡಾಗ. ಅಂದ ಮೇಲೆ ಸಮ ಸರಿಯಲ್ಲವೇ? ಆದರೆ ಇನ್ನೊಂದು ಕಟ್ಟಳೆಯೂ ಇತ್ತು: ಅಂಪೈರು ಕೇಳಿಸಿಕೊಂಡೆ ಅಂತ ಸೂಚಿಸುವ ತನಕ ಸಮಯಪಾಲಕರು ಸೈರನ್ ಒತ್ತುತ್ತಲೇ ಇರಬೇಕು. ಅವರು ಒತ್ತಲಿಲ್ಲ. ತಪ್ಪು ಅಂಪೈರನದ್ದಲ್ಲ, ಗಡಿಯಾರದವರದ್ದು ಅಂತ ಹೇಳಿ ಕಮಿಷನ್ ಆ ಒಂದು ಅಂಕವನ್ನ ಅಳಿಸಿತು. ಫ್ರೀಮ್ಯಾಂಟಲ್ 94, ಸೇಂಟ್ ಕಿಲ್ಡಾ 93. ಹೀಗೆ ಪಂದ್ಯದ ಫಲಿತಾಂಶವನ್ನ ಸಭೆ ಕೂತು ಬದಲಿಸಿದ್ದು 1900ರ ನಂತರ ಇದೇ ಮೊದಲು. ಆಗ ಅಂಕ ಅಳಿಸಿದ್ದರಿಂದ ಗೆದ್ದವರು ಯಾರು, ಈಗ ಅಳಿಸಿದ್ದರಿಂದ ಸೋತವರು ಯಾರು, ನೋಡಿದಿರಾ! 106 ವರ್ಷದ ಹಿಂದೆ ಪಡೆದ ಸಾಲವನ್ನ ಬಡ್ಡಿ ಸಮೇತ ತೀರಿಸಿದ ಹಾಗಾಯಿತು.

ಬಡ್ಡಿ ಯಾಕೆ ಅಂದೆ ಅಂದರೆ, ಈ ಲೀಗಿನಲ್ಲಿ ಗೆದ್ದರೆ 4 ಪಾಯಿಂಟು, ಸಮವಾದರೆ 2. ಆ ವರ್ಷ ಲೀಗ್ ಹಂತ ಮುಗಿದಾಗ ಸಿಡ್ನಿ, ಕಾಲಿಂಗ್‌ವುಡ್, ಸೇಂಟ್ ಕಿಲ್ಡಾ ಮೂವರಿಗೂ ತಲಾ 14 ಗೆಲುವು, 56 ಪಾಯಿಂಟು. ಸ್ಥಾನ ಕ್ರಮವಾಗಿ 4, 5, 6. ಮೊದಲ ನಾಲ್ಕರಲ್ಲಿದ್ದವರಿಗೆ ಫೈನಲ್ಸ್‌ನಲ್ಲಿ ಒಂದು ಸಲ ಸೋತರೂ ಇನ್ನೊಂದು ಅವಕಾಶ, ಉಳಿದವರು ಸೋತ ಕೂಡಲೇ ಮನೆಗೆ. ಲಾನ್ಸೆಸ್ಟನ್ನಿನ 2 ಪಾಯಿಂಟು ಉಳಿದಿದ್ದರೆ ಸೇಂಟ್ ಕಿಲ್ಡಾ 58ಕ್ಕೇರಿ ಮೊದಲ ನಾಲ್ಕರೊಳಗೆ ಬರುತ್ತಿತ್ತು. ಬರಲಿಲ್ಲ. ಮೆಲ್ಬರ್ನ್ ವಿರುದ್ಧ ಮೊದಲ ಫೈನಲ್ಸ್ ಪಂದ್ಯದಲ್ಲೇ ಸೋತು ಮನೆಗೆ ಹೋದರು, ಕೋಚ್ ಗ್ರಾಂಟ್ ಥಾಮಸ್ ಕೆಲಸ ಕಳೆದುಕೊಂಡರು.

ಹಾಗಾದರೆ ನೆಲ ಡೊಂಕಿತ್ತೇ? ನನ್ನ ಅಭಿಪ್ರಾಯ ಕೇಳಿದರೆ, ಇಲ್ಲ. ಸಮಯ ಮುಗಿದ ಮೇಲೆ ಸಿಕ್ಕ ಅಂಕ ಅವರದ್ದಲ್ಲ. 1900ರಲ್ಲಿ ನ್ಯಾಯ ಅನ್ನಿಸಿದ್ದು 2006ರಲ್ಲಿ ಅನ್ಯಾಯ ಆಗಲಾರದು. ಆದರೆ ಅಭಿಮಾನಿಗಳ ಪ್ರಶ್ನೆ ಅದಲ್ಲವೇ ಅಲ್ಲ ಅಂತ ತಿಳಿಯಲು ನನಗೆ 2009ರ ಕಥೆ ಬೇಕಾಯಿತು.

2009ರ ಸೇಂಟ್ ಕಿಲ್ಡಾ ತಂಡದಂಥ ತಂಡ ಆ ಕ್ಲಬ್ಬಿಗೆ ಹಿಂದೆಂದೂ ಇರಲಿಲ್ಲ. ಕೋಚ್ ರಾಸ್ ಲಯನ್ ಕೈಯಲ್ಲಿ ಮೊದಲ 19 ಪಂದ್ಯ ಸತತ ಗೆಲುವು. 48 ಸತತ ಸೋಲಿನಿಂದ ಶುರುವಾದ ಕ್ಲಬ್ಬಿಗೆ! ಗ್ರ್ಯಾಂಡ್ ಫೈನಲ್ಲಿನಲ್ಲಿ ಎದುರಾಳಿ ಜಿಲಾಂಗ್, ಮಳೆ ಹಿಡಿದ ದಿನ. ಎರಡನೇ ಕ್ವಾರ್ಟರಿನಲ್ಲಿ ಜಿಲಾಂಗಿನ ಟಾಮ್ ಹಾಕಿನ್ಸ್ ಒದ್ದ ಚೆಂಡು ಕಂಬಕ್ಕೆ ತಗುಲಿ ಒಳಗೆ ಹೋಯಿತು. ನೆನಪಿದೆಯಲ್ಲ, ಕಂಬಕ್ಕೆ ತಗುಲಿದರೆ 1 ಅಂಕ. ಗೋಲ್ ಅಂಪೈರ್ ಎರಡು ಬೆರಳು ತೋರಿಸಿದ, 6 ಅಂಕ. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು, ಕಂಬಕ್ಕೆ ತಗುಲಿದ್ದು ಸ್ಪಷ್ಟ. ಮನೆಯಲ್ಲಿ ಕೂತ ಲಕ್ಷಾಂತರ ಜನರಿಗೆ ಗೊತ್ತು, ಮೈದಾನದಲ್ಲಿ ತೀರ್ಪು ಕೊಡಬೇಕಾದವನಿಗೆ ಮಾತ್ರ ಗೊತ್ತಿಲ್ಲ. ಇಲ್ಲಿ ನೆಲ ಡೊಂಕಿತ್ತು, ಅನುಮಾನವೇ ಬೇಡ.

ಅಂತಿಮ ಸ್ಕೋರು: ಜಿಲಾಂಗ್ 12.8 (80), ಸೇಂಟ್ ಕಿಲ್ಡಾ 9.14 (68). ಅಂತರ 12. ಆ ತಪ್ಪಿನ 5 ಅಂಕ ಕಳೆದರೂ 7 ಉಳಿಯುತ್ತದೆ, ಏನು ಬದಲಾಗುತ್ತಿತ್ತು ಅಂತ ಜಿಲಾಂಗಿನವರು ಕೇಳುತ್ತಾರೆ. ಈ ಕಳೆಯುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಗೋಲಾದರೆ ಚೆಂಡು ನಡು ಮೈದಾನಕ್ಕೆ ಹೋಗಿ ಆಟ ಹೊಸದಾಗಿ ಶುರುವಾಗುತ್ತದೆ, ಬಿಹೈಂಡ್ ಆದರೆ ಚೆಂಡು ನೇರ ಕಾಯುವ ತಂಡದ ಕೈಗೆ ಬರುತ್ತದೆ. ಆ ಗಳಿಗೆಯಿಂದ ಮುಂದಿನದೆಲ್ಲ ಬೇರೆಯೇ ಪಂದ್ಯ. ಸೇಂಟ್ ಕಿಲ್ಡಾದವರು ಸೋಲುತ್ತಿದ್ದರೋ ಗೆಲ್ಲುತ್ತಿದ್ದರೋ, ಆ ಬೇರೆ ಪಂದ್ಯವನ್ನ ಯಾರೂ ಆಡಲಿಲ್ಲ.

ಆದರೆ ಸ್ಕೋರು ಮತ್ತೊಮ್ಮೆ ನೋಡಿ. ಸೇಂಟ್ ಕಿಲ್ಡಾ 9 ಮತ್ತು 14, ಒಟ್ಟು 23 ಸಲ ಅಂಕ ಗಳಿಸಿದೆ. ಜಿಲಾಂಗ್ 12 ಮತ್ತು 8, 20 ಸಲ. ಹೆಚ್ಚು ಅವಕಾಶ ಮಾಡಿಕೊಂಡವರು ಸೋತವರೇ. ಮೂರನೇ ಕ್ವಾರ್ಟರ್ ಮುಗಿದಾಗ, ಅಂದರೆ ಆ ಸುಳ್ಳು ಗೋಲು ಕೊಟ್ಟು ಎಷ್ಟೋ ಹೊತ್ತಾದ ಮೇಲೂ, 7 ಅಂಕ ಮುಂದೆ ಇದ್ದವರು ಸೇಂಟ್ ಕಿಲ್ಡಾದವರೇ. ಕೊನೆಯ ಕ್ವಾರ್ಟರಿನಲ್ಲಿ ಅವರ ಗಳಿಕೆ ಎಷ್ಟು ಗೊತ್ತೇ? 0.3. ಒಂದು ಗೋಲೂ ಇಲ್ಲ. ಸ್ಕೋರು ಸಮವಿದ್ದ ಹೊತ್ತಿನಲ್ಲಿ ಜಿಲಾಂಗಿನ ಮ್ಯಾಥ್ಯೂ ಸ್ಕಾರ್ಲೆಟ್ ನಡು ಮೈದಾನದಲ್ಲಿ ಬಗ್ಗಿ ಎತ್ತಲು ಸಮಯವಿಲ್ಲದ ಚೆಂಡನ್ನ ಕಾಲ ತುದಿಯಿಂದ ಜೊತೆಗಾರನ ಕಡೆ ಚಿಮ್ಮಿಸಿದ, ಅದು ಮುಂದೆ ಹೋಗಿ ಪಾಲ್ ಚಾಪ್‌ಮನ್ ಗೋಲಾಯಿತು. ಆ ಹೆಬ್ಬೆರಳಿಗೆ ಯಾವ ಅಂಪೈರೂ ಹೊಣೆಯಲ್ಲ. ನೆಲ ಡೊಂಕಿತ್ತು, ಹೌದು. ಕುಣಿಯುವವಳ ಹೆಜ್ಜೆಯೂ ತಪ್ಪಿತು, ಅದೂ ಹೌದು. ಎರಡೂ ಒಟ್ಟಿಗೆ ನಿಜವಾಗಬಹುದು ಅನ್ನುವುದನ್ನ ನಮ್ಮ ಗಾದೆ ಒಪ್ಪುವುದಿಲ್ಲ, ಅದೇ ಅದರ ತೊಂದರೆ.

ಕನ್ನಡದವರಿಗೆ ಇದು ಅರ್ಥವಾಗದ ವಿಷಯವೇನಲ್ಲ. 2008ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿಸಿಕೊಳ್ಳಿ. ಸೈಮಂಡ್ಸ್ ಔಟಾಗಿದ್ದರೂ ಔಟಿಲ್ಲ, ನಮ್ಮ ದ್ರಾವಿಡ್ ಬ್ಯಾಟಿಗೆ ತಗುಲದ ಚೆಂಡಿಗೆ ಔಟು. ಕ್ಯಾಪ್ಟನ್ ನಮ್ಮ ಕುಂಬ್ಳೆ ಒಂದು ತುದಿಯಲ್ಲಿ 45 ರನ್ ಮಾಡಿ ಅಜೇಯರಾಗಿ ನಿಂತಿದ್ದರು. ಅಂಪೈರ್ ಬಕ್ನರ್ ಅವರನ್ನ ಮುಂದಿನ ಪರ್ತ್ ಟೆಸ್ಟಿನಿಂದ ತೆಗೆದರು, ಸಿಡ್ನಿಯ ಫಲಿತಾಂಶ ಮಾತ್ರ ಹಾಗೇ ಉಳಿಯಿತು. ಆದರೆ ಆ ಪಂದ್ಯದ ಕೊನೆಯಲ್ಲಿ ಮೈಕೆಲ್ ಕ್ಲಾರ್ಕ್ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತದ್ದನ್ನ ನಾವು ಎಷ್ಟು ಸಲ ಮಾತಾಡಿದ್ದೀವಿ, ಬಕ್ನರ್ ಬಗ್ಗೆ ಎಷ್ಟು ಸಲ ಮಾತಾಡಿದ್ದೀವಿ?

ಸೇಂಟ್ ಕಿಲ್ಡಾದವರ ನಿಜವಾದ ಪ್ರಶ್ನೆಗೆ ಈಗ ಬರುತ್ತೇನೆ. ಅವರು ಕೇಳುವುದು ಇಷ್ಟು: ಗಡಿಯಾರದ ತಪ್ಪನ್ನ ಮೂರು ದಿನ ಬಿಟ್ಟು ತಿದ್ದಬಹುದಾದರೆ, ಕಂಬದ ತಪ್ಪನ್ನ ಯಾಕೆ ತಿದ್ದಬಾರದು? ಸೈರನ್ ಹೊಡೆದದ್ದು ಎಷ್ಟು ಸತ್ಯವೋ ಚೆಂಡು ಕಂಬಕ್ಕೆ ತಗುಲಿದ್ದೂ ಅಷ್ಟೇ ಸತ್ಯ. ಲೀಗಿನ ಉತ್ತರ: ಸಮಯಪಾಲಕ ಮಾಡಿದ್ದು ತಪ್ಪು ಕೆಲಸ, ಅಂಪೈರು ಕೊಟ್ಟದ್ದು ತೀರ್ಪು. ಕೆಲಸ ಕೆಟ್ಟರೆ ತಿದ್ದಬಹುದು, ತೀರ್ಪು ತಪ್ಪಾದರೂ ತೀರ್ಪೇ. ಇದನ್ನ ನಾನು ಪೂರ್ತಿ ತಳ್ಳಿಹಾಕಲಾರೆ. ಪ್ರತಿ ಸೋಮವಾರ ಸಭೆ ಕೂತು ತೀರ್ಪು ತಿದ್ದುತ್ತಾ ಹೋದರೆ ಶನಿವಾರ ಆಡುವುದಾದರೂ ಯಾಕೆ? ಆದರೆ ಸೋತವನ ಕಿವಿಗೆ ಈ ವ್ಯತ್ಯಾಸ ವಕೀಲರ ಮಾತಿನಂತೆ ಕೇಳಿಸುತ್ತದೆ ಅನ್ನುವುದೂ ನಿಜ.

2012ರಲ್ಲಿ ಗೋಲುಗಳನ್ನ ವಿಡಿಯೋದಲ್ಲಿ ಪರಿಶೀಲಿಸುವ ವ್ಯವಸ್ಥೆ ಬಂತು, ಹಾಕಿನ್ಸ್ ಕಂಬದಂಥ ಪ್ರಕರಣಗಳ ಫಲವಾಗಿ. ಇನ್ನು ಮುಗಿಯಿತು ಅಂದುಕೊಂಡಿರಾ? 2023ರ ಆಗಸ್ಟಿನಲ್ಲಿ ಅಡಿಲೇಡ್ ಮತ್ತು ಸಿಡ್ನಿ ನಡುವಿನ ಪಂದ್ಯದ ಕೊನೆಯ ನಿಮಿಷಗಳಲ್ಲಿ ಬೆನ್ ಕೇಸ್ ಒದ್ದ ಚೆಂಡು ಗೋಲಾಗಿತ್ತು. ಕಂಬಕ್ಕೆ ತಗುಲಿತು ಅಂತ ಗೋಲ್ ಅಂಪೈರು ಒಂದೇ ಅಂಕ ಕೊಟ್ಟ. 2009ರದ್ದು ತಿರುಗಾಮುರುಗಾ! ವಿಡಿಯೋ ಇತ್ತು, ಆದರೆ ಅಂಪೈರಿಗೆ ಎಷ್ಟು ಖಾತ್ರಿ ಇತ್ತೆಂದರೆ ಅದನ್ನ ಕೇಳಲೇ ಇಲ್ಲ. ಅಡಿಲೇಡ್ ಒಂದು ಅಂಕದಿಂದ ಸೋತು ಫೈನಲ್ಸ್‌ಗೆ ಬರದೆ ಹೋಯಿತು, ಸಿಡ್ನಿ ಒಳಗೆ ಹೋಯಿತು. ಲೀಗಿನ ಮುಖ್ಯಸ್ಥರು ತಪ್ಪಾಯಿತು ಅಂತ ಬಹಿರಂಗವಾಗಿ ಒಪ್ಪಿಕೊಂಡರು, ಫಲಿತಾಂಶ ಬದಲಾಗಲಿಲ್ಲ. ಆ ವಾರ ಅಡಿಲೇಡಿನವರಿಗಿಂತ ಹೆಚ್ಚು ಸಿಟ್ಟಾದವರು ನಮ್ಮ ಹಿರಿಯ ಸಹೋದ್ಯೋಗಿ. ಅದು ಅವರ ತಂಡವೂ ಅಲ್ಲ.

ಒಂದು ವರ್ಷ ಬಿಟ್ಟುಬಿಟ್ಟೆ, 2010. ಮತ್ತೆ ಗ್ರ್ಯಾಂಡ್ ಫೈನಲ್, ಎದುರಾಳಿ ಅದೇ ಹಳೆಯ ಕಾಲಿಂಗ್‌ವುಡ್. ಕೊನೆಯ ನಿಮಿಷಗಳಲ್ಲಿ ಲೆನ್ನಿ ಹೇಸ್ ಉದ್ದಕ್ಕೆ ಒದ್ದ ಚೆಂಡು ಗೋಲಿನ ಮುಂದೆ ನೆಲಕ್ಕೆ ಬಿತ್ತು. ಹಿಂದೆ ಸ್ಟೀಫನ್ ಮಿಲ್ನ್ ಒಬ್ಬನೇ ಓಡಿ ಬರುತ್ತಿದ್ದ. ಚೆಂಡು ನೆಟ್ಟಗೆ ಪುಟಿದು ಕೈಗೆ ಬಂದಿದ್ದರೆ ಗೋಲು, ಕಪ್ಪು, 44 ವರ್ಷದ ಕಾಯುವಿಕೆ ಮುಕ್ತಾಯ. ಅದು ಪಕ್ಕಕ್ಕೆ ಪುಟಿದು ಬಿಹೈಂಡ್ ಆಯಿತು. ಸೇಂಟ್ ಕಿಲ್ಡಾ 10.8 (68), ಕಾಲಿಂಗ್‌ವುಡ್ 9.14 (68). ಹಿಂದಿನ ವರ್ಷ ಸೇಂಟ್ ಕಿಲ್ಡಾದವರನ್ನ ಸೋಲಿಸಿದ 9.14 ಈ ವರ್ಷ ಎದುರಾಳಿಗಳ ಹೆಸರಿನ ಮುಂದೆ ಇತ್ತು, ಆದರೂ ಗೆಲ್ಲಲಾಗಲಿಲ್ಲ. ಆ ಚೆಂಡಿನ ಬಗ್ಗೆ ಈ ಊರಿನಲ್ಲಿ ಇವತ್ತಿಗೂ ಮಾತಾಡುತ್ತಾರೆ, ಅಂಪೈರಿನ ಬಗ್ಗೆ ಮಾತಾಡುವ ಅದೇ ದನಿಯಲ್ಲಿ.

ಆಗಿನ ನಿಯಮದಂತೆ (2016ರಲ್ಲಿ ಅದನ್ನ ತೆಗೆದರು) ವಾರ ಬಿಟ್ಟು ಇಡೀ ಪಂದ್ಯವನ್ನ ಮತ್ತೆ ಆಡಿದರು. ಕಾಲಿಂಗ್‌ವುಡ್ 16.12 (108), ಸೇಂಟ್ ಕಿಲ್ಡಾ 7.10 (52). 56 ಅಂಕದ ಸೋಲು. ಕಂಬ ಇಲ್ಲ, ಸೈರನ್ ಇಲ್ಲ, ಪುಟಿದ ಚೆಂಡೂ ಇಲ್ಲ. ಆ ಪಂದ್ಯ ಹೇಗಿತ್ತು ಅಂತ ನಮ್ಮ ಹಿರಿಯರನ್ನ ಒಮ್ಮೆ ಕೇಳಿದೆ. ಅರ್ಧಕ್ಕೇ ಎದ್ದು ಬಂದೆ, ಟ್ರೇನು ಖಾಲಿ ಇತ್ತು ಅಂದರು.